ಹಲ್ಲೆಷ್ಟು ಅಂತ ಹೇಳೋಕೇನ್ರೀ ಕಷ್ಟ?

ಹಳೆ ಬೈಕ್ ಇಟ್ಕೊಂಡವರಿಗೆ ಸ್ಪೇರ್ ಪಾರ್ಟ್ಸ್ ಸಿಗದೇ ಇರಬಹುದು, ಸಲಹೆಗೆ ಮಾತ್ರ ಯಾವತ್ತೂ ಬರ ಇಲ್ಲ. "ಅದನ್ನ ಗುಜರಿಗೆ ಹಾಕಿ ಹೊಸದು ತಗೊಳ್ರಿ." ಆಫೀಸಿನ ಕಾಫಿ ಮೆಷಿನ್ ಹತ್ತಿರ ನಿಂತವರೂ ಇದನ್ನೇ ಹೇಳ್ತಾರೆ, ಶೋರೂಮಿನವರೂ ಇದನ್ನೇ ಹೇಳ್ತಾರೆ. ಎಂಜಿನ್ ಗಟ್ಟಿಯಾಗಿದೆ, ಫ್ರೇಮು ನೆಟ್ಟಗಿದೆ, ಸವೆದಿರೋದು ಚೈನು ಮತ್ತು ಸ್ಪ್ರಾಕೆಟ್ ಅಷ್ಟೇ ಅಂದ್ರೂ ಉತ್ತರ ಬದಲಾಗಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋ ಬುದ್ಧಿ ಇದು. ನನ್ನ ತಕರಾರು ಇಷ್ಟೇ: ಗಾಡಿ ತಾನಾಗಿ ಹಳೇದಾಗೋದು ಬೇರೆ, ಅದನ್ನ ಹಳೇದು ಮಾಡಿ ಮೂಲೆಗೆ ಕೂರಿಸೋದು ಬೇರೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ನಡೀತಿರೋದು ಎರಡನೇದು. ಅದಕ್ಕೆ ನಾವು 'ಕಾಲ ಬದಲಾಯ್ತು' ಅಂತ ಚೆಂದದ ಹೆಸರಿಟ್ಟು ಸುಮ್ಮನಿದ್ದೀವಿ.

ನಮ್ಮೂರು ದಾವಣಗೆರೆ ತಾಲ್ಲೂಕಿನ ಕುಕ್ಕುವಾಡ. ಭದ್ರಾ ನಾಲೆಯ ನೀರು, ಭತ್ತ, ಕಬ್ಬು, ಅಡಿಕೆ, ಒಂದು ಸಕ್ಕರೆ ಕಾರ್ಖಾನೆ. ಅಪ್ಪನ ಬೈಕಿಗೆ ಇಪ್ಪತ್ತು ವರ್ಷ ದಾಟಿದೆ. ನೂರು ಸಿಸಿ, ಫೋರ್ ಸ್ಟ್ರೋಕ್. ಯಾವ ಕಂಪನಿ ಅಂತ ಬರೆಯಲ್ಲ; ಇದು ಒಂದೇ ಕಂಪನಿಯ ಹಣೆಬರಹ ಆಗಿದ್ರೆ ಇಷ್ಟುದ್ದ ಬರೆಯೋ ಅಗತ್ಯವೇ ಇರಲಿಲ್ಲ. ಬೆಳಗ್ಗೆ ಡೈರಿಗೆ ಹಾಲಿನ ಕ್ಯಾನು, ಆಮೇಲೆ ಗದ್ದೆಗೆ ಯೂರಿಯಾ ಚೀಲ, ಸಂಜೆ ಯಾರದ್ದೋ ಮನೆಯ ಮಗುವನ್ನ ಡಾಕ್ಟರ ಹತ್ತಿರ ತೋರಿಸ್ಕೊಂಡು ಬರೋದು, ಎಲ್ಲಾ ಅದರ ಮೇಲೇ. ನಾವು ಬೆಂಗಳೂರಲ್ಲಿ ಬೈಕ್ ಅನ್ನೋದಕ್ಕೂ ಅಲ್ಲಿ ಬೈಕ್ ಅನ್ನೋದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಅದು ಎತ್ತಿನ ಜಾಗದಲ್ಲಿ ನಿಂತಿರೋ ದುಡಿಮೆಗಾರ.

ಎತ್ತು ಅಂದಾಗ ನೆನಪಾಯ್ತು. ಜಾತ್ರೇಲಿ ಎತ್ತು ಕೊಳ್ಳುವಾಗ ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ. ಎರಡಲ್ಲು, ನಾಕಲ್ಲು, ಬಾಯ್ಗೂಡಿದ್ದು ಅಂತ ವಯಸ್ಸು ಹೇಳ್ತಾರೆ. ಮೆಕ್ಯಾನಿಕ್ ಕೂಡ ಅದನ್ನೇ ಮಾಡಿದ: ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಸ್ಪ್ರಾಕೆಟ್ಟಿನ ಹಲ್ಲು ತೋರಿಸಿ, "ನೋಡಣ್ಣ, ಕುಡುಗೋಲು ಆಗ್ಯಾವು" ಅಂದ. ನಿಜವಾಗ್ಲೂ ಹಲ್ಲುಗಳು ಒಂದೇ ಕಡೆ ಬಾಗಿ ಕುಡುಗೋಲಿನ ತುದಿ ಥರ ಆಗಿದ್ವು.

ದಾವಣಗೆರೆಯಲ್ಲಿ ನಾಲ್ಕಾರು ಸ್ಪೇರ್ ಅಂಗಡಿ ಸುತ್ತಿದ್ದಾಯ್ತು. ಎಲ್ಲಾ ಕಡೆ ಒಂದೇ ಮಾತು: "ಚೈನ್ ಬೇಕಾದಷ್ಟು ಅದಾವು, ಹಿಂದಿನ ಸ್ಪ್ರಾಕೆಟ್ ಬರಲ್ಲಣ್ಣ. ಆ ಮಾಡ್ಲು ನಿಂತೋತು." ಕಂಪನಿಯ ಡೀಲರ್ ಹತ್ತಿರ ಹೋದ್ರೆ ಕಂಪ್ಯೂಟರಿನಲ್ಲಿ ಪಾರ್ಟ್ ನಂಬರ್ ಹೊಡೆದು, ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ತೋರಿಸಿದರು. ಸಪ್ಲೈ ನಿಂತಿದೆ ಅಂತಿತ್ತು. ಬೆಂಗಳೂರಿನ ಜೆ.ಸಿ. ರೋಡಿನಲ್ಲೂ ಒಂದು ಶನಿವಾರ ಪೂರ್ತಿ ಕಳೆದೆ. ಅಲ್ಲೊಬ್ಬರು "ಇದಕ್ಕೆ ಹೊಂದುತ್ತೆ" ಅಂತ ಬೇರೆ ಬೈಕಿನದ್ದು ಕೊಟ್ಟರು. ಹಲ್ಲು ಸರಿಯಾಗಿತ್ತು, ಬೋಲ್ಟಿನ ತೂತು ಕೂರಲಿಲ್ಲ. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅನ್ನೋ ಗಾದೆ ಕಟ್ಟಿದವರು ಚೈನ್ ಸ್ಪ್ರಾಕೆಟ್ ಹುಡುಕೋಕೆ ಹೋದವರೇ ಇರಬೇಕು!

"ಚೈನ್ ಸಿಕ್ತಲ್ಲ, ಅದನ್ನೇ ಹಾಕ್ಕೊಂಡು ಓಡ್ಸಿ" ಅನ್ನೋರಿಗೆ ಒಂದು ಮಾತು. ಚೈನ್ 'ಉದ್ದ ಆಗುತ್ತೆ' ಅಂತೀವಲ್ಲ, ಅದು ರಬ್ಬರಿನ ಹಾಗೆ ಹಿಗ್ಗೋದಲ್ಲ. ಪ್ರತಿ ಲಿಂಕಿನ ಒಳಗೆ ಒಂದು ಪಿನ್ನು, ಅದರ ಸುತ್ತ ಒಂದು ಬುಷ್ ಇರುತ್ತೆ. ಧೂಳು, ಕೆಸರು ಸೇರಿ ಇವೆರಡೂ ಸವೆದಾಗ ಲಿಂಕಿನಿಂದ ಲಿಂಕಿಗೆ ಇರೋ ದೂರ ಕೂದಲಷ್ಟು ಹೆಚ್ಚಾಗುತ್ತೆ. ನೂರಕ್ಕೂ ಹೆಚ್ಚು ಲಿಂಕಿನಲ್ಲಿ ಹೀಗಾದಾಗ ಚೈನು ಜೋತು ಬೀಳುತ್ತೆ. ಸಾಮಾನ್ಯ ನೂರು ಸಿಸಿ ಬೈಕಿನ ಚೈನಿನಲ್ಲಿ ಈ ದೂರ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರ್. 20 ಲಿಂಕು ಎಳೆದು ಹಿಡಿದು ಪಿನ್ನಿನಿಂದ ಪಿನ್ನಿಗೆ ಅಳೆದರೆ 254 ಮಿಲಿಮೀಟರ್ ಬರಬೇಕು. 259 ಬಂತು ಅಂದ್ರೆ ಆ ಚೈನಿನ ಆಯಸ್ಸು ಮುಗೀತು. ಹೀಗೆ ಸವೆದ ಚೈನು ಹಲ್ಲಿನ ಬುಡದಲ್ಲಿ ಕೂರಲ್ಲ, ತುದಿಗೆ ಹತ್ತುತ್ತೆ, ಹಲ್ಲನ್ನ ಕುಡುಗೋಲು ಮಾಡುತ್ತೆ. ಆ ಕುಡುಗೋಲು ಹಲ್ಲಿನ ಮೇಲೆ ಹೊಸ ಚೈನ್ ಹಾಕಿದ್ರೆ ಹೊಸದನ್ನೂ ಬೇಗ ತಿಂದು ಹಾಕುತ್ತೆ. ಅದಕ್ಕೇ ಮುಂದಿನದು, ಹಿಂದಿನದು, ಚೈನು ಮೂರನ್ನೂ ಒಟ್ಟಿಗೇ ಬದಲಾಯಿಸಬೇಕು ಅಂತ ಕಂಪನಿಗಳೇ ಹೇಳೋದು. ಸಂತೋಷ. ಆದರೆ ಮೂರರಲ್ಲಿ ಒಂದನ್ನ ಮಾಡೋದನ್ನೇ ನಿಲ್ಲಿಸಿಬಿಟ್ಟರೆ ಆ ಉಪದೇಶ ಇಟ್ಕೊಂಡು ಏನು ಮಾಡೋಣ?

ಹಾಗಾದ್ರೆ ಚೈನ್ ಎಲ್ಲಾ ಅಂಗಡಿಯಲ್ಲೂ ಸಿಕ್ಕು, ಸ್ಪ್ರಾಕೆಟ್ ಯಾಕೆ ಸಿಗಲ್ಲ? ವಿಷಯದ ತಿರುಳು ಇರೋದು ಇಲ್ಲೇ. ಇವತ್ತಿಗೂ ನಾವು ಬಳಸೋ ಬುಷ್ ರೋಲರ್ ಚೈನನ್ನ 1880ರಲ್ಲಿ ಹ್ಯಾನ್ಸ್ ರೆನಾಲ್ಡ್ ಅನ್ನೋರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪಿಸಿದರು. ಅವರು ಆ ಕಸುಬಿಗೆ ಇಳಿದದ್ದೇ ಬಟ್ಟೆ ಗಿರಣಿಗಳಿಗೆ ಚೈನ್ ಮಾಡೋ ಒಂದು ಸಣ್ಣ ಕಾರ್ಖಾನೆ ಕೊಂಡು. ಹತ್ತಿ ಗಿರಣಿಗಳಿಂದಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಅನಿಸಿಕೊಂಡ ದಾವಣಗೆರೆಯವರಿಗೆ ಇದು ತಿಳಿದಿರಲಿ ಅಂತ ಹೇಳಿದೆ. ಕಾಲಕ್ರಮದಲ್ಲಿ ಚೈನಿನ ಅಳತೆಗಳು ಜಗತ್ತಿಗೆಲ್ಲಾ ಒಂದೇ ಆದವು. ಮೋಟರ್ ಸೈಕಲ್ ಚೈನಿಗೆ ಐಎಸ್‌ಒ 10190 ಅಂತ ಒಂದು ಮಾನದಂಡವೇ ಇದೆ. ಚೈನಿನ ಮೇಲೆ 428 ಅಂತ ಕೆತ್ತಿದ್ರೆ ಅದು ಚೆನ್ನೈನಲ್ಲಿ ಆಗಿರಲಿ, ಕೊಯಮತ್ತೂರಿನಲ್ಲಿ ಆಗಿರಲಿ, ಜಪಾನಿನಲ್ಲಿ ಆಗಿರಲಿ, ಲಿಂಕಿನ ದೂರ ಅರ್ಧ ಇಂಚೇ, ಒಳಗಿನ ಅಗಲ ಇಂಚಿನ 16ರಲ್ಲಿ 5 ಭಾಗವೇ. ಯಾರು ಬೇಕಾದ್ರೂ ಮಾಡಬಹುದು, ಹಾಗಾಗಿ ಎಲ್ಲಾ ಕಡೆ ಸಿಗುತ್ತೆ.

ಚೈನು ಒಂದೇ ಅಂದಮೇಲೆ ಅದು ಕೂರೋ ಹಲ್ಲಿನ ಆಕಾರವೂ ಒಂದೇ. ಗುಟ್ಟು ಇರೋದು ಮಧ್ಯದ ತೂತಿನಲ್ಲಿ. ಮಧ್ಯದ ಬೋರ್ ಎಷ್ಟು, ಬೋಲ್ಟ್ ಮೂರೋ ನಾಲ್ಕೋ, ಅವು ಎಷ್ಟು ದೂರದ ವೃತ್ತದಲ್ಲಿವೆ, ಪ್ಲೇಟು ಎಷ್ಟು ದಪ್ಪ, ಹಲ್ಲಿನ ಸಾಲು ಎಷ್ಟು ಒಳಗೆ ಸರಿದಿದೆ — ಇವನ್ನ ಪ್ರತಿ ಕಂಪನಿ, ಕೆಲವೊಮ್ಮೆ ಪ್ರತಿ ಮಾಡೆಲ್, ತನಗೆ ಬೇಕಾದ ಹಾಗೆ ಇಟ್ಕೊಳ್ಳುತ್ತೆ. ಸಾಫ್ಟ್‌ವೇರಿನವರಿಗೆ ಬೇಗ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಪ್ರೋಟೋಕಾಲ್ ಎಲ್ಲರದ್ದು, ಪೋರ್ಟ್ ಮಾತ್ರ ಅವರೊಬ್ಬರದ್ದು. ಹಾಗೆ ಇಟ್ಕೊಳ್ಳಲಿ, ಬೇಡ ಅನ್ನಲ್ಲ, ವಿನ್ಯಾಸಕ್ಕೆ ಅದರದ್ದೇ ಕಾರಣ ಇರಬಹುದು. ಮಾಡೆಲ್ ನಿಲ್ಲಿಸಿದ ಮೇಲಾದ್ರೂ ಆ ಐದಾರು ಅಂಕಿ ಹೊರಗೆ ಹಾಕಿ ಅನ್ನೋದಷ್ಟೇ ಮಾತು. ಅರ್ಧ ಪುಟಕ್ಕಿಂತ ಹೆಚ್ಚು ಕಾಗದ ಬೇಕಾಗಲ್ಲ.

ಅಂಕಿ ಸಿಕ್ಕರೆ ಮಾಡೋರು ಎಲ್ಲಿದ್ದಾರೆ ಅಂತ ಕೇಳ್ತೀರಾ? ಹರಿಹರಕ್ಕೆ ಬನ್ನಿ. ಲೇತ್ ಮಾಡುತ್ತಿದ್ದ ಊರು ಅದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪಿಗೆ, ಐಟಿಐಗಳಿಗೆ ಹೋದವು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು, ಅಲ್ಲಿ ಕಲಿತ ಕೈಗಳು ಇನ್ನೂ ಇವೆ. ಅಪ್ಪನ ಬೈಕಿನ ಸ್ಪ್ರಾಕೆಟ್ ಕೊನೆಗೆ ಆಗಿದ್ದೂ ಅಂಥವರೊಬ್ಬರ ಸಣ್ಣ ಅಂಗಡಿಯಲ್ಲಿ. ಯಜಮಾನ್ರು ಹಳೇ ಸ್ಪ್ರಾಕೆಟ್ಟಿನ ಹಲ್ಲನ್ನೆಲ್ಲಾ ಲೇತಿನಲ್ಲಿ ಕೊರೆದು ತೆಗೆದು, ನಡುವಿನ ಬಿಲ್ಲೆ ಮಾತ್ರ ಉಳಿಸಿಕೊಂಡರು. ಅಷ್ಟೇ ಹಲ್ಲಿರೋ ಬೇರೆ ಬೈಕಿನ ಹೊಸ ಸ್ಪ್ರಾಕೆಟ್ಟಿನ ನಡುಭಾಗ ಕೊರೆದು ಬಳೆ ಮಾಡಿದರು. ಬಳೆಯೊಳಗೆ ಬಿಲ್ಲೆ ಕೂರಿಸಿ ವೆಲ್ಡ್ ಹೊಡೆದರು. ಕೊಡುವಾಗ ಅವರು ಹೇಳಿದ್ದು ಇಷ್ಟು: "ನಡೀತೈತಿ, ಆದ್ರ ಇದು ಸರಿಯಾದ ಕೆಲಸ ಅಲ್ಲ ತಮ್ಮಾ. ವೆಲ್ಡಿಂಗ್ ಕಾವಿಗೆ ಒಂದಿಷ್ಟು ಸೊಟ್ಟ ಆಗೇ ಆಗತೈತಿ. ಅಳತಿ ಕೊಟ್ಟಿದ್ರ ಒಂದೇ ತಗಡಿನ್ಯಾಗ ಹೊಸದೇ ತೆಗೆದು ಕೊಡ್ತಿದ್ದೆ."

ಅವರು ಹೇಳಿದ ಸೊಟ್ಟ ಏನು ಮಾಡುತ್ತೆ ಗೊತ್ತಾ? ಚಕ್ರ ಒಂದು ಸುತ್ತು ಹಾಕುವಾಗ ಚೈನು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬಿಗಿಯಾದ ಕಡೆಗೆ ಹೊಂದಿಸಿದ್ರೆ ಇನ್ನೊಂದು ಕಡೆ ಜೋತು ಬೀಳುತ್ತೆ. ಹಾಗೇ ಓಡಿಸ್ತಾ ಹೋದರೆ ಒಂದು ದಿನ ಹಲ್ಲಿನಿಂದ ಜಾರುತ್ತೆ, ಇಲ್ಲಾ ತುಂಡಾಗುತ್ತೆ. ಓಡೋ ಬೈಕಿನ ಚೈನು ತುಂಡಾಗಿ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತೆ. ಹೊಡೆತಕ್ಕೆ ಎಂಜಿನ್ನಿನ ಕೇಸೇ ಒಡೆದು ಹೋಗಬಹುದು. ನಮ್ಮ ಬೀದಿಯವರೊಬ್ಬರಿಗೆ ಕಬ್ಬು ಕಡಿಯೋ ಸೀಸನ್‌ನಲ್ಲಿ, ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವಾಗ ಹೀಗಾಯ್ತು. ಹಿಂದೆ ಬರುತ್ತಿದ್ದದ್ದು ಕಬ್ಬು ಹೇರಿದ ಟ್ರ್ಯಾಕ್ಟರ್, ಡಬಲ್ ಟ್ರೈಲರ್. ಡ್ರೈವರ್ ಪುಣ್ಯಾತ್ಮ, ಗದ್ದೆಗೆ ಇಳಿಸಿದ. ಇವರ ಮೊಣಕಾಲಿಗೆ ಆಪರೇಷನ್ ಆಯ್ತು, ಆ ವರ್ಷದ ನಾಟಿ ಬೇರೆಯವರ ಕೈಯಲ್ಲಿ ಆಯ್ತು. ಅವರೂ ಸ್ಪ್ರಾಕೆಟ್ ಸಿಗದೇ 'ಇನ್ನೊಂದು ಲಿಂಕ್ ತೆಗಿಸಿ' ಓಡಿಸ್ತಿದ್ದವರು. ಹೊಸ ಸೆಟ್ ಸಿಕ್ಕಿದ್ರೆ ಸಾವಿರ, ಒಂದೂವರೆ ಸಾವಿರದಲ್ಲಿ ಮುಗಿಯೋ ಕೆಲಸ. 'ಹಳೆ ಗಾಡಿ ಅಪಾಯ' ಅಂತ ಭಾಷಣ ಮಾಡೋರು ಆ ಅಪಾಯ ಎಲ್ಲಿಂದ ಹುಟ್ಟುತ್ತೆ ಅಂತ ಒಮ್ಮೆ ನೋಡಲಿ.

ಅಂಕಿ ಹೊರಗಿದ್ದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳಿಗೆ ಇವತ್ತೂ ಚೈನ್ ಸ್ಪ್ರಾಕೆಟ್ ಸಿಗುತ್ತೆ. ಕಂಪನಿಯೇ ಇಲ್ಲ, ಪಾರ್ಟ್ ಇದೆ! ಯಾಕಂದ್ರೆ ಅದರ ಅಳತೆ ಇಷ್ಟು ವರ್ಷದಲ್ಲಿ ನೂರಾರು ಮೆಕ್ಯಾನಿಕ್‌ಗಳ, ಸಣ್ಣ ವರ್ಕ್‌ಶಾಪ್‌ಗಳ ಕೈಗೆ ಬಂದುಬಿಟ್ಟಿದೆ, ಮತ್ತು ಪ್ರೀತಿಯಿಂದ ದುಡ್ಡು ಸುರಿಯೋ ಅಭಿಮಾನಿಗಳಿದ್ದಾರೆ. ಜುಲೈನ ಎರಡನೇ ಭಾನುವಾರ ಜಾವಾ ದಿನ ಅಂತ ಮೆರವಣಿಗೆ ಹೋಗ್ತಾರೆ. ನಿಮ್ಮಲ್ಲೂ ಕೆಲವರು ಹೋಗಿರ್ತೀರಿ, ಒಳ್ಳೇದೇ. ಇನ್ನೊಂದು ತಮಾಷೆ ನೋಡಿ. ಯೆಜ್ಡಿ ಅನ್ನೋ ಹೆಸರು ಯಾರದ್ದು ಅಂತ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೀತು. 2022ರ ಡಿಸೆಂಬರ್‌ನಲ್ಲಿ ಅದು ಮುಚ್ಚಿಹೋದ ಹಳೇ ಕಂಪನಿಗೇ ಸೇರಿದ್ದು ಅಂತ ಒಂದು ತೀರ್ಪು ಬಂತು, ಅದರ ಮೇಲೆ ಅಪೀಲು ಆಯ್ತು. ಹೆಸರಿಗೆ ಇಷ್ಟೊಂದು ವಕೀಲರು. ಅಪ್ಪನ ಬೈಕಿನ ಸ್ಪ್ರಾಕೆಟ್ಟಿಗೆ ಒಬ್ಬರೂ ಇಲ್ಲ. ಹಾಲು ಹಾಕೋರ ಬೈಕಿಗೆ ಅಭಿಮಾನಿ ಸಂಘ ಇರಲ್ಲ, ಭಾನುವಾರದ ಮೆರವಣಿಗೆ ಇರಲ್ಲ. ಅದಕ್ಕೆ ಬೇಕಾಗಿರೋದು ಕಾನೂನು.

ಕಾನೂನಿನ ಕಥೆ ಹೇಗಿದೆ? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ತಪ್ಪೇನು? ಬಿಡಿಭಾಗಗಳನ್ನ ಹೊರಗಿನ ಮಾರುಕಟ್ಟೆಗೆ ಬಿಡದೆ, ಹೊರಗಿನ ಗ್ಯಾರೇಜಿಗೆ ಮಾಹಿತಿ ಕೊಡದೆ ಕಟ್ಟಿಹಾಕಿದ್ದು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ಆದರೆ ಕಾರಿನವರಿಗೆ ಆಗಿದ್ದು ಅನ್ಯಾಯ ಅಂತ ಒಂದು ಸಂಸ್ಥೆ ಬಾಯಿಬಿಟ್ಟು ಹೇಳಿತು. ಈ ದೇಶದಲ್ಲಿ ನೋಂದಣಿಯಾದ ವಾಹನಗಳಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಟೂ ವೀಲರ್‌ಗಳು. ಅವುಗಳ ಬಗ್ಗೆ ಅಂಥ ಒಂದು ಆದೇಶ ನನ್ನ ಕಣ್ಣಿಗೆ ಬಿದ್ದಿಲ್ಲ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಅಂತ ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಮನೆಬಳಕೆಯ ಉಪಕರಣ, ವಾಹನ ಅಂತ ನಾಲ್ಕು ವಿಭಾಗ ಗುರುತಿಸಿತು. ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಬಂತು. ಪೋರ್ಟಲ್ ಕಟ್ಟೋದು ನಮಗೇನು ಹೊಸದೇ, ಅದನ್ನೇ ಮಾಡಿ ಸಂಬಳ ತಗೊಳ್ಳೋರು ನಾವು! ನಿಂತು ಹೋದ ಮಾಡೆಲ್‌ಗೆ ಇಂತಿಷ್ಟು ವರ್ಷ ಬಿಡಿಭಾಗ ಕೊಡಲೇಬೇಕು ಅನ್ನೋ ಕಟ್ಟುಪಾಡು ಇಲ್ಲದೇ ಇದ್ದರೆ ಪೋರ್ಟಲ್ ಬರೀ ನೋಟಿಸ್ ಬೋರ್ಡು. ಯೂರೋಪಿನಲ್ಲಿ 2021ರ ಮಾರ್ಚ್‌ನಿಂದ ಬಟ್ಟೆ ಒಗೆಯೋ ಮೆಷಿನ್ನಿನ ಮುಖ್ಯ ಬಿಡಿಭಾಗಗಳನ್ನ, ಆ ಮಾಡೆಲ್ಲಿನ ಕೊನೇ ಮೆಷಿನ್ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಕೊಡಬೇಕು ಅಂತ ನಿಯಮ ಇದೆ. ಬಟ್ಟೆ ಒಗೆಯೋ ಮೆಷಿನ್ನಿಗೆ ಸಿಕ್ಕ ಮರ್ಯಾದೆ ನಮ್ಮಲ್ಲಿ ಜನ ಜೀವ ಇಟ್ಟು ಕೂರೋ ಬೈಕಿಗೆ ಸಿಗಬಾರದಾ?

ಇತ್ತ ಹಳೆ ಗಾಡಿ ಮಾಲೀಕನ ಮೇಲಿನ ಹೊರೆ ಮಾತ್ರ ತಪ್ಪದೆ ಬೆಳೀತಿದೆ. 15 ವರ್ಷ ಆದ ಬೈಕಿನ ನೋಂದಣಿ ನವೀಕರಣಕ್ಕೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 1,000 ಆಯ್ತು. ಶುಲ್ಕ ಕಟ್ಟಿದರೆ ಸರ್ಕಾರ ಇನ್ನೈದು ವರ್ಷ ಓಡಿಸು ಅಂತ ಬರೆದು ಕೊಡುತ್ತೆ. ಓಡಿಸೋಕೆ ಬೇಕಾದ ಸ್ಪ್ರಾಕೆಟ್ ಯಾರು ಕೊಡಬೇಕು ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಇನ್ನು ಎದುರು ವಾದಗಳು. ಮೊದಲನೇದು, ಅಳತೆ ಕಂಪನಿಯ ಸ್ವತ್ತು, ಹೇಗೆ ಕೊಡೋದು ಅನ್ನೋದು. ನಮ್ಮ ದೇಶದಲ್ಲಿ ಪೇಟೆಂಟಿನ ಅವಧಿ 20 ವರ್ಷ, ನೋಂದಾಯಿತ ವಿನ್ಯಾಸದ ರಕ್ಷಣೆ ಹೆಚ್ಚೆಂದ್ರೆ 15 ವರ್ಷ. ಇಪ್ಪತ್ತು ವರ್ಷ ದಾಟಿದ ಬೈಕಿನ ಸ್ಪ್ರಾಕೆಟ್ಟಿನಲ್ಲಿ ಕಾಯ್ದುಕೊಳ್ಳೋಕೆ ಯಾವ ಸ್ವತ್ತೂ ಉಳಿದಿರಲ್ಲ. ಉಳಿದಿರೋದು 'ನಾವ್ಯಾಕೆ ಹೇಳಬೇಕು' ಅನ್ನೋ ಬಿಗುಮಾನ ಒಂದೇ.

ಎರಡನೇದು, ಹೊಗೆ. ಇದು ನಿಜವಾದ ವಾದ, ತಳ್ಳಿಹಾಕಲ್ಲ. ಹಳೇ ಟೂ ಸ್ಟ್ರೋಕ್ ಬೈಕಿನ ಹೊಗೆಗೆ ಯಾರೂ ವಕಾಲತ್ತು ವಹಿಸಬೇಕಿಲ್ಲ. ಅದಕ್ಕೆ ಹೊಗೆ ತಪಾಸಣೆ ಇದೆ, ಫಿಟ್ನೆಸ್ ಇದೆ; ಫೇಲಾದ ಗಾಡಿಯನ್ನ ನಿಲ್ಲಿಸಿ. ಪಾಸಾದ ಗಾಡಿಯನ್ನ ಹಲ್ಲಿಲ್ಲ ಅಂತ ಸಾಯಿಸೋದಕ್ಕೂ ಹೊಗೆಗೂ ಏನು ಸಂಬಂಧ? ಒಂದು ಸ್ಪ್ರಾಕೆಟ್ ಉಳಿಸೋಕೆ ನೂರು ಕೆಜಿ ಕಬ್ಬಿಣ, ಅಲ್ಯೂಮಿನಿಯಂ, ರಬ್ಬರನ್ನ ಮತ್ತೆ ಕರಗಿಸಿ ಎರೆಯೋದು ಯಾವ ಸೀಮೆಯ ಪರಿಸರ ಪ್ರೀತಿ?

ಮೂರನೇದು, ಕಡಿಮೆ ಮಾರಾಟ ಆಗೋ ಪಾರ್ಟ್ ಮಾಡಿದ್ರೆ ಕಂಪನಿಗೆ ನಷ್ಟ ಅನ್ನೋದು. ಒಪ್ಪಿದೆ. ಹಾಗಾದ್ರೆ ನೀವು ಮಾಡಬೇಡಿ, ಮಾಡೋರಿಗೆ ಅಡ್ಡ ನಿಲ್ಲಬೇಡಿ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಎಳೆಯೋ ದೊಡ್ಡ ಚೈನು, ಸ್ಪ್ರಾಕೆಟ್ಟು ನೋಡಿದೀರಾ? ಸೀಸನ್ ಮುಗಿದ ಮೇಲೆ ಅವನ್ನ ಬಿಚ್ಚಿ, ಅಳೆದು, ಸವೆದದ್ದನ್ನ ಡ್ರಾಯಿಂಗ್ ಕೊಟ್ಟು ಹೊರಗಡೆ ಮಾಡಿಸ್ತಾರೆ. ಕೋಟಿ ಕೊಟ್ಟು ಯಂತ್ರ ಕೊಳ್ಳೋರಿಗೆ ಡ್ರಾಯಿಂಗ್ ಬರುತ್ತೆ. ಆ ಕಾರ್ಖಾನೆಗೆ ಕಬ್ಬು ಬೆಳೆದು ಕೊಡೋ ರೈತ ಬೈಕ್ ಕೊಂಡರೆ ಅವನಿಗೆ ಬರೋದು ಹೆಲ್ಮೆಟ್ ಹಾಕಿ ಅನ್ನೋ ಪುಸ್ತಕ.

ನಮ್ಮಂಥ ಸಾಫ್ಟ್‌ವೇರಿನವರು ಇದರಲ್ಲಿ ದೂರ ನಿಲ್ಲೋ ಹಾಗಿಲ್ಲ. 'ಎಂಡ್ ಆಫ್ ಲೈಫ್' ಅನ್ನೋ ಮಾತನ್ನ ದಿನಕ್ಕೆ ಹತ್ತು ಸಲ ಆಡೋರು ನಾವು. ಆದರೆ ನಮ್ಮ ಕಸುಬಿನಲ್ಲೂ ಒಂದು ಹಳೇ ಎಪಿಐ ನಿಲ್ಲಿಸಬೇಕಾದ್ರೆ ತಿಂಗಳುಗಟ್ಟಲೆ ಮುಂಚೆ ಹೇಳ್ತೀವಿ, ದಾಖಲೆ ಬರೆದಿಡ್ತೀವಿ, ಬಳಸೋರಿಗೆ ದಾರಿ ತೋರಿಸ್ತೀವಿ. ಹೇಳದೆ ಕೇಳದೆ ನಿಲ್ಲಿಸಿದ್ರೆ ಕ್ಲೈಂಟು ಸುಮ್ಮನೆ ಬಿಡ್ತಾನಾ? ಅವನಿಗೆ ಸಿಗೋ ಆ ಗೌರವ ಡೈರಿ ಮುಂದೆ ಸಾಲಲ್ಲಿ ನಿಂತವರಿಗೂ ಸಿಗಬೇಕು. ಅವರು ಕೊಟ್ಟಿದ್ದೂ ದುಡ್ಡೇ, ಅದೂ ಬಡ್ಡಿ ಸಮೇತ.

ಕೇಳಬೇಕಾದದ್ದು ಮೂರೇ. ಒಂದು, ಮಾಡೆಲ್ ನಿಂತ ಮೇಲೂ ಚೈನ್ ಸ್ಪ್ರಾಕೆಟ್, ಬ್ರೇಕು, ಕೇಬಲ್ ಥರದ ಸವೆಯೋ ಭಾಗಗಳನ್ನ ಕನಿಷ್ಠ 15 ವರ್ಷ ಕೊಡಬೇಕು. ನೋಂದಣಿಯನ್ನೇ 15 ವರ್ಷಕ್ಕೆ ಕೊಡ್ತೀವಿ ಅಂದಮೇಲೆ ಅದಕ್ಕಿಂತ ಕಡಿಮೆ ಯಾಕೆ? ಎರಡು, ಕೊಡೋದು ನಿಲ್ಲಿಸುವ ದಿನವೇ ಆ ಭಾಗಗಳ ಅಳತೆ, ಲೋಹ, ಗಡಸುತನ ಎಲ್ಲವನ್ನೂ ಯಾರು ಬೇಕಾದ್ರೂ ನೋಡೋ ಹಾಗೆ ಪ್ರಕಟಿಸಬೇಕು. ಮೂರು, ಹಾಗೆ ಅಳತೆ ನೋಡಿ ಹರಿಹರದಲ್ಲೋ ಹುಬ್ಬಳ್ಳಿಯಲ್ಲೋ ಸ್ಪ್ರಾಕೆಟ್ ಮಾಡೋ ಸಣ್ಣ ವರ್ಕ್‌ಶಾಪಿಗೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿಕೊಳ್ಳೋ ವ್ಯವಸ್ಥೆ ಕಡಿಮೆ ಖರ್ಚಿನಲ್ಲಿ ಇರಬೇಕು. ಆಗ 'ಡುಪ್ಲಿಕೇಟ್' ಅನ್ನೋ ಬೈಗುಳವೂ ಇರಲ್ಲ, ಬೆಣ್ಣೆಯಂಥ ಮೆತ್ತನೆ ಕಬ್ಬಿಣದ ಕಳ್ಳ ಮಾಲೂ ಉಳಿಯಲ್ಲ.

ಇದನ್ನ ಓದೋ ನೀವು ಈ ವರ್ಷ ಒಂದು ಬೈಕೋ ಸ್ಕೂಟರೋ ಕೊಳ್ಳಬಹುದು. ಎಲೆಕ್ಟ್ರಿಕ್ ಆದರಂತೂ ಇನ್ನೂ ಹುಷಾರು. ಅಲ್ಲಿ ಚೈನ್ ಜಾಗದಲ್ಲಿ ಕಂಟ್ರೋಲರ್ ಇದೆ, ಬ್ಯಾಟರಿ ಇದೆ, ಯಾವ ಲೇತಿನವರೂ ಅದನ್ನ ಕೊರೆದು ಕೊಡೋಕಾಗಲ್ಲ. ಶೋರೂಮಿನಲ್ಲಿ ಮೈಲೇಜ್ ಕೇಳಿ, ಬಣ್ಣ ಕೇಳಿ, ಇಎಂಐ ಕೇಳಿ. ಜೊತೆಗೆ ಇದನ್ನೂ ಕೇಳಿ: "ಈ ಮಾಡೆಲ್ ನಿಂತ ಮೇಲೆ ಎಷ್ಟು ವರ್ಷ ಪಾರ್ಟ್ಸ್ ಕೊಡ್ತೀರಿ? ಕಾಗದದ ಮೇಲೆ ಬರೆದು ಕೊಡ್ತೀರಾ?" ಹುಡುಗ ನಕ್ಕು ಮ್ಯಾನೇಜರನ್ನ ಕರೀತಾನೆ. ಮ್ಯಾನೇಜರ್ ಬಂದಾಗ ಮತ್ತೆ ಅದನ್ನೇ ಕೇಳಿ. ಬರೆದು ಕೊಡಲ್ಲ ಅಂದ್ರೆ ಯಾಕೆ ಅಂತ ಕೇಳಿ, ಆ ಉತ್ತರವನ್ನ ಗ್ರಾಹಕ ಇಲಾಖೆಗೆ ಬರೆದು ಕಳಿಸಿ. ನಿಮ್ಮ ಕೈಲಿ ಚೆಕ್‌ಬುಕ್ ಇರುವಾಗ ಅವರು ಕೇಳಿಸಿಕೊಳ್ತಾರೆ. ಇಪ್ಪತ್ತು ವರ್ಷದ ಬೈಕಿನ ಮೇಲೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗೋರ ಮಾತನ್ನ ಈಗ ಯಾರೂ ಕೇಳಿಸಿಕೊಳ್ತಿಲ್ಲ.